ಎ. ಪಿ. ಜಿಯಾನಿನಿ

ಅಮದೇಯೊ ಪಿಯೆತ್ರೊ ಜಿಯಾನಿನಿ (ಮೇ 6, 1870 – ಜೂನ್ 3, 1949) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಬ್ಯಾಂಕರ್. ಎ. ಪಿ. ಜಿಯಾನಿನಿ ಎಂಬ ಹೆಸರಿನಿಂದ ಪರಿಚಿತರಾದ ಇವರು 1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬ್ಯಾಂಕ್ ಆಫ್ ಇಟಲಿಯನ್ನು ಸ್ಥಾಪಿಸಿದರು. ಈ ಸಂಸ್ಥೆಯೇ ಮುಂದೆ ಬ್ಯಾಂಕ್ ಆಫ್ ಅಮೆರಿಕ ಆಗಿ ಬೆಳೆದು, 1945ರಲ್ಲಿ ಠೇವಣಿಯ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಬ್ಯಾಂಕ್ ಎನಿಸಿತು. ಸಣ್ಣ ವ್ಯಾಪಾರಿಗಳು, ರೈತರು, ಕೂಲಿಕಾರರು ಹಾಗೂ ವಲಸಿಗರಿಗೆ ಬ್ಯಾಂಕಿನ ಬಾಗಿಲನ್ನು ತೆರೆದವರೆಂದೂ, ಊರೂರಿನ ಬ್ಯಾಂಕುಗಳನ್ನು ಖರೀದಿಸಿ ಇಡೀ ರಾಜ್ಯವನ್ನು ವ್ಯಾಪಿಸುವ ಶಾಖೆಗಳ ಜಾಲವನ್ನು ಕಟ್ಟಿದವರೆಂದೂ ಇವರನ್ನು ಗುರುತಿಸಲಾಗುತ್ತದೆ. ತಾವು ಕಟ್ಟಿದ ಸಂಸ್ಥೆಯ ಮೇಲಿನ ಹಿಡಿತವನ್ನು ಕಳೆದುಕೊಂಡು, 1932ರಲ್ಲಿ ಷೇರುದಾರರ ಮತಗಳ ಮೂಲಕ ಅದನ್ನು ಮರಳಿ ಪಡೆದದ್ದು ಅಮೆರಿಕದ ಬ್ಯಾಂಕಿಂಗ್ ಇತಿಹಾಸದ ಪ್ರಮುಖ ಘಟನೆಗಳಲ್ಲೊಂದು.

ಜನನ ಮತ್ತು ಬಾಲ್ಯ

ಜಿಯಾನಿನಿಯವರು ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆಯಲ್ಲಿ ಜನಿಸಿದರು. ತಂದೆ ಲುಯಿಜಿ ಜಿಯಾನಿನಿ, ತಾಯಿ ವರ್ಜೀನಿಯಾ. ಇಬ್ಬರೂ ಇಟಲಿಯ ಜಿನೋವಾ ಬಳಿಯ ಬೆಟ್ಟದ ಸೀಮೆಯಿಂದ ವಲಸೆ ಬಂದವರು. ಲುಯಿಜಿ ಮೊದಲು ಒಂದು ವಸತಿಗೃಹವನ್ನು ನಡೆಸಿ, ಬಳಿಕ ಆಲ್ವಿಸೊ ಎಂಬಲ್ಲಿ ಜಮೀನು ಕೊಂಡು ತೋಟಗಾರಿಕೆ ಆರಂಭಿಸಿದರು. ಅಮದೇಯೊ ಆರೇಳು ವರ್ಷದ ಬಾಲಕರಾಗಿದ್ದಾಗ, ಅತ್ಯಲ್ಪ ಮೊತ್ತದ ಕೂಲಿಯ ವಿಷಯದಲ್ಲಿ ಉಂಟಾದ ಜಗಳದಲ್ಲಿ ಕೆಲಸಗಾರನೊಬ್ಬ ಲುಯಿಜಿಯನ್ನು ಕೊಂದನು. ಚಿಕ್ಕ ಮಕ್ಕಳೊಂದಿಗೆ ಉಳಿದ ವರ್ಜೀನಿಯಾ ಕೆಲವು ವರ್ಷಗಳ ಕಾಲ ತಾವೇ ಜಮೀನನ್ನು ನೋಡಿಕೊಂಡು, 1880ರಲ್ಲಿ ಲೊರೆಂಜೊ ಸ್ಕಾತೇನಾ ಅವರನ್ನು ಮರುಮದುವೆಯಾದರು.

ಸ್ಕಾತೇನಾ ಅವರು ಸ್ಯಾನ್ ಫ್ರಾನ್ಸಿಸ್ಕೊ ನಗರದ ಹಡಗುಕಟ್ಟೆಯ ಸಮೀಪ ಹಣ್ಣು ತರಕಾರಿಗಳ ಮಂಡಿ ವ್ಯಾಪಾರವನ್ನು ಆರಂಭಿಸಿದರು. ಅಮದೇಯೊ ಹದಿಹರೆಯದಲ್ಲಿಯೇ ಶಾಲೆ ಬಿಟ್ಟು ಈ ಮಂಡಿಯನ್ನು ಸೇರಿಕೊಂಡರು. ಕಣಿವೆಯ ಹಳ್ಳಿಗಳಲ್ಲಿ ಸಂಚರಿಸಿ, ಬೆಳೆಗಾರರನ್ನು ನೇರವಾಗಿ ಭೇಟಿಯಾಗಿ ಫಸಲನ್ನು ಗೊತ್ತುಮಾಡಿಕೊಳ್ಳುವುದು ಅವರ ಕೆಲಸವಾಗಿತ್ತು. ಯಾವ ರೈತ ಮಾತಿಗೆ ತಪ್ಪುವುದಿಲ್ಲ, ಯಾವ ಜಮೀನು ಎಷ್ಟು ಬೆಳೆ ಕೊಡುತ್ತದೆ, ಬಿತ್ತನೆಯ ಕಾಲದಲ್ಲಿ ಯಾರಿಗೆ ಎಷ್ಟು ಮುಂಗಡ ಬೇಕಾಗುತ್ತದೆ ಎಂಬ ತಿಳಿವಳಿಕೆ ಅವರಿಗೆ ಈ ಓಡಾಟದಲ್ಲಿ ದೊರೆಯಿತು. ಮುಂದೆ ಬ್ಯಾಂಕಿನ ಸಾಲಗಳನ್ನು ನಿರ್ಧರಿಸುವಾಗ ಈ ಅನುಭವವೇ ಅವರಿಗೆ ಆಧಾರವಾಯಿತು.

1892ರಲ್ಲಿ ಅವರು ಕ್ಲೊರಿಂಡಾ ಕೂನಿಯೊ ಅವರನ್ನು ವಿವಾಹವಾದರು. 1901ರಲ್ಲಿ, 31ನೆಯ ವಯಸ್ಸಿನಲ್ಲಿ, ಮಂಡಿಯಲ್ಲಿನ ತಮ್ಮ ಪಾಲನ್ನು ಅಲ್ಲಿನ ನೌಕರರಿಗೇ ಮಾರಿ ನಿವೃತ್ತರಾದರು.

ಬ್ಯಾಂಕ್ ಆಫ್ ಇಟಲಿಯ ಸ್ಥಾಪನೆ

1902ರಲ್ಲಿ ಮಾವ ಜೋಸೆಫ್ ಕೂನಿಯೊ ನಿಧನರಾದಾಗ ಅವರ ಆಸ್ತಿಯನ್ನು ನಿರ್ವಹಿಸುವ ಹೊಣೆ ಜಿಯಾನಿನಿಯವರಿಗೆ ಬಂತು. ಇದರೊಂದಿಗೆ ನಗರದ ಇಟಾಲಿಯನ್ನರು ಹೆಚ್ಚಾಗಿ ನೆಲೆಸಿದ್ದ ನಾರ್ತ್ ಬೀಚ್ ಬಡಾವಣೆಯ ಕೊಲಂಬಸ್ ಸೇವಿಂಗ್ಸ್ ಆ್ಯಂಡ್ ಲೋನ್ ಸೊಸೈಟಿಯ ನಿರ್ದೇಶಕ ಸ್ಥಾನವೂ ದೊರೆಯಿತು. ಆ ಕಾಲದ ಬ್ಯಾಂಕುಗಳು ಸಾಮಾನ್ಯವಾಗಿ ದೊಡ್ಡ ವ್ಯಾಪಾರಿಗಳೊಂದಿಗೆ ಮಾತ್ರ ವ್ಯವಹರಿಸುತ್ತಿದ್ದವು. ಇಂಗ್ಲಿಷ್ ಬಾರದ ವಲಸಿಗರು ಹಣವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಸಾಲ ಬೇಕಾದಾಗ ಬಡ್ಡಿ ವ್ಯಾಪಾರಿಗಳನ್ನು ಆಶ್ರಯಿಸುತ್ತಿದ್ದರು. ಇಂಥವರಿಗೂ ಸಣ್ಣ ಸಾಲಗಳನ್ನು ನೀಡಬೇಕೆಂಬ ಜಿಯಾನಿನಿಯವರ ವಾದವನ್ನು ಉಳಿದ ನಿರ್ದೇಶಕರು ಒಪ್ಪಲಿಲ್ಲ. ಅವರು ಸ್ಥಾನವನ್ನು ತೊರೆದು, ಮಲತಂದೆ ಹಾಗೂ ಸ್ನೇಹಿತರ ನೆರವಿನಿಂದ 1,50,000 ಡಾಲರ್ ಬಂಡವಾಳವನ್ನು ಕೂಡಿಸಿದರು. ಮದ್ಯದಂಗಡಿಯೊಂದನ್ನು ಮಾರ್ಪಡಿಸಿದ ಕೊಠಡಿಯಲ್ಲಿ 1904ರ ಅಕ್ಟೋಬರ್ 17ರಂದು ಬ್ಯಾಂಕ್ ಆಫ್ ಇಟಲಿ ಆರಂಭವಾಯಿತು. ಮೊದಲ ದಿನದ ಠೇವಣಿ 8,780 ಡಾಲರ್.

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರವು ಭೂಕಂಪ ಹಾಗೂ ಅದರ ಹಿಂದೆಯೇ ಎದ್ದ ಬೆಂಕಿಗೆ ತುತ್ತಾಯಿತು. ಸ್ಯಾನ್ ಮಟೇಯೊದ ಮನೆಯಿಂದ ಬಹುಪಾಲು ದಾರಿಯನ್ನು ನಡೆದೇ ಬಂದ ಜಿಯಾನಿನಿಯವರು, ಬೆಂಕಿ ತಲುಪುವ ಮೊದಲೇ ಬ್ಯಾಂಕಿನ ನಗದು ಮತ್ತು ದಾಖಲೆಗಳನ್ನು ಮಂಡಿಯ ಕುದುರೆ ಗಾಡಿಗಳಿಗೆ ಹೇರಿ, ಮೇಲೆ ಕಿತ್ತಳೆ ಹಣ್ಣಿನ ಪೆಟ್ಟಿಗೆಗಳನ್ನು ಮುಚ್ಚಿ, ರಾತ್ರಿಯ ವೇಳೆ ಮನೆಗೆ ಸಾಗಿಸಿದರು. ಬೆಂಕಿಯಲ್ಲಿ ಸಿಲುಕಿದ ಇತರ ಬ್ಯಾಂಕುಗಳ ಭದ್ರ ಕೋಣೆಗಳು ಕಾದುಹೋಗಿ, ವಾರಗಳವರೆಗೆ ಅವುಗಳನ್ನು ತೆರೆಯಲು ಸಾಧ್ಯವಾಗಲಿಲ್ಲ. ಆ ಹೊತ್ತಿನಲ್ಲಿ ಜಿಯಾನಿನಿಯವರು ಹಡಗುಕಟ್ಟೆಯ ಮೇಲೆ ಎರಡು ಪೀಪಾಯಿಗಳಿಗೆ ಅಡ್ಡಲಾಗಿ ಹಲಗೆಯೊಂದನ್ನು ಇಟ್ಟು ವ್ಯವಹಾರವನ್ನು ಆರಂಭಿಸಿದರು. ಮನೆ ಅಂಗಡಿಗಳನ್ನು ಮತ್ತೆ ಕಟ್ಟಿಕೊಳ್ಳಲು ಬಂದವರಿಗೆ ಅವರ ನಡತೆಯನ್ನೇ ಆಧಾರವಾಗಿಟ್ಟುಕೊಂಡು ಸಾಲ ನೀಡಿದರು. 1907ರ ಆರ್ಥಿಕ ತಲ್ಲಣಕ್ಕೆ ಮೊದಲೇ ಚಿನ್ನವನ್ನು ಸಂಗ್ರಹಿಸಿಟ್ಟಿದ್ದರಿಂದ, ಆ ಸಂದರ್ಭದಲ್ಲಿಯೂ ಬ್ಯಾಂಕಿನ ಮೇಲೆ ಜನರಿಟ್ಟ ನಂಬಿಕೆ ಕುಂದಲಿಲ್ಲ.

ಬ್ಯಾಂಕುಗಳ ಖರೀದಿ ಮತ್ತು ಶಾಖೆಗಳ ಜಾಲ

ಅಮೆರಿಕದಲ್ಲಿ ಆಗ ಬಹುತೇಕ ಬ್ಯಾಂಕುಗಳು ಒಂದೇ ಊರಿನ, ಒಂದೇ ಕಟ್ಟಡದ ಸಂಸ್ಥೆಗಳಾಗಿದ್ದವು. ಒಂದು ಬೆಳೆಯನ್ನು ನಂಬಿದ ಊರಿನಲ್ಲಿ ಆ ಬೆಳೆ ಕೈಕೊಟ್ಟರೆ ಅಲ್ಲಿನ ಬ್ಯಾಂಕೂ ಮುಳುಗುವ ಅಪಾಯವಿತ್ತು. ಕೆನಡಾದಲ್ಲಿ ಶಾಖೆಗಳುಳ್ಳ ದೊಡ್ಡ ಬ್ಯಾಂಕುಗಳು ಸುಭದ್ರವಾಗಿರುವುದನ್ನು ಜಿಯಾನಿನಿಯವರು ಗಮನಿಸಿದ್ದರು. ವಿವಿಧ ಬೆಳೆಗಳನ್ನು ಬೆಳೆಯುವ ಕ್ಯಾಲಿಫೋರ್ನಿಯಾದ ಕಣಿವೆಗಳನ್ನು ಒಂದೇ ಬ್ಯಾಂಕಿನ ಅಡಿ ತಂದರೆ, ಒಂದೆಡೆಯ ಠೇವಣಿಯನ್ನು ಮತ್ತೊಂದೆಡೆಯ ಬಿತ್ತನೆಯ ಕಾಲದ ಸಾಲಕ್ಕೆ ಬಳಸಬಹುದು, ಒಂದೆಡೆಯ ನಷ್ಟವನ್ನು ಮತ್ತೊಂದೆಡೆಯ ಲಾಭ ತುಂಬಿಕೊಡಬಹುದು ಎಂಬುದು ಅವರ ಲೆಕ್ಕಾಚಾರವಾಗಿತ್ತು. 1909ರ ರಾಜ್ಯ ಬ್ಯಾಂಕಿಂಗ್ ಕಾಯಿದೆಯು ಅನುಮತಿ ಪಡೆದು ಶಾಖೆಗಳನ್ನು ತೆರೆಯಲು ಅವಕಾಶ ನೀಡಿತು. ಅದೇ ವರ್ಷ ಹುಟ್ಟೂರಾದ ಸ್ಯಾನ್ ಹೋಸೆಯ ಬ್ಯಾಂಕೊಂದನ್ನು ಖರೀದಿಸಿ ಶಾಖೆಯನ್ನಾಗಿ ಪರಿವರ್ತಿಸಿದರು. 1913ರಲ್ಲಿ ಪಾರ್ಕ್ ಬ್ಯಾಂಕನ್ನು ಕೊಂಡು ಲಾಸ್ ಏಂಜಲಿಸ್ ನಗರವನ್ನು ಪ್ರವೇಶಿಸಿದರು.

ಖರೀದಿಯ ವಿಷಯದಲ್ಲಿ ಅವರು ಒಂದು ನಿಶ್ಚಿತ ಕ್ರಮವನ್ನು ಅನುಸರಿಸುತ್ತಿದ್ದರು. ಬರಿಗೈಯಿಂದ ಹೊಸ ಶಾಖೆಯನ್ನು ತೆರೆಯುವುದಕ್ಕಿಂತ, ಜನರ ವಿಶ್ವಾಸವನ್ನು ಗಳಿಸಿದ್ದ ಸ್ಥಳೀಯ ಬ್ಯಾಂಕನ್ನು ಕೊಳ್ಳುವುದಕ್ಕೆ ಆದ್ಯತೆ ನೀಡುತ್ತಿದ್ದರು. ಹಳೆಯ ವ್ಯವಸ್ಥಾಪಕರನ್ನೂ ಸಿಬ್ಬಂದಿಯನ್ನೂ ಸಾಧ್ಯವಾದಷ್ಟು ಮುಂದುವರಿಸುತ್ತಿದ್ದರು. ಊರಿನ ಗಣ್ಯರನ್ನು ಸಲಹಾ ಮಂಡಳಿಗೆ ಸೇರಿಸಿಕೊಂಡು, ಅಲ್ಲಿನ ರೈತರಿಗೂ ವ್ಯಾಪಾರಿಗಳಿಗೂ ಬ್ಯಾಂಕಿನ ಷೇರುಗಳನ್ನು ಮಾರುತ್ತಿದ್ದರು. ಷೇರುಗಳು ಕೆಲವೇ ಧನಿಕರಲ್ಲಿ ಸೇರದೆ ಸಾವಿರಾರು ಜನರಲ್ಲಿ ಹಂಚಿಹೋಗಬೇಕೆಂಬುದು ಅವರ ನಿಲುವಾಗಿತ್ತು. ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿನ ಷೇರುಗಳನ್ನು ಹೊಂದಲು ಕಾನೂನಿನ ಅಡ್ಡಿಯಿದ್ದುದರಿಂದ, ಈ ಖರೀದಿಗಳಿಗಾಗಿ ಪ್ರತ್ಯೇಕ ಕಂಪನಿಗಳನ್ನು ರಚಿಸಲಾಯಿತು. 1917ರಲ್ಲಿ ಷೇರುದಾರರ ಪರವಾದ ಪೂರಕ ಕಂಪನಿಯೊಂದು, 1919ರಲ್ಲಿ ಬ್ಯಾಂಕಿಟಲಿ ಕಾರ್ಪೊರೇಷನ್ ಅಸ್ತಿತ್ವಕ್ಕೆ ಬಂದವು. ಈ ಕಂಪನಿಗಳು ಮೊದಲು ಷೇರುಗಳನ್ನು ಕೊಂಡು, ಅನುಮತಿ ದೊರೆತ ಬಳಿಕ ಆ ಬ್ಯಾಂಕುಗಳನ್ನು ಶಾಖೆಗಳನ್ನಾಗಿ ವಿಲೀನಗೊಳಿಸುತ್ತಿದ್ದವು.

ಈ ಬೆಳವಣಿಗೆಗೆ ತೀವ್ರ ವಿರೋಧವೂ ವ್ಯಕ್ತವಾಯಿತು. ಮಾರಲು ಒಪ್ಪದಿದ್ದರೆ ಎದುರಿಗೇ ಪ್ರತಿಸ್ಪರ್ಧಿ ಶಾಖೆ ಬರುತ್ತದೆಂಬ ಭಯದಿಂದ ತಾವು ಮಾರಬೇಕಾಗಿದೆ ಎಂದು ಸಣ್ಣ ಊರುಗಳ ಬ್ಯಾಂಕರುಗಳು ದೂರಿದರು. ಲಾಸ್ ಏಂಜಲಿಸ್‌ನ ದೊಡ್ಡ ಬ್ಯಾಂಕುಗಳು ಇದೇ ಮಾರ್ಗವನ್ನು ಹಿಡಿದು ತಾವೂ ಸುತ್ತಲಿನ ಬ್ಯಾಂಕುಗಳನ್ನು ಕೊಳ್ಳಲಾರಂಭಿಸಿದ್ದರಿಂದ ಪೈಪೋಟಿ ಹೆಚ್ಚಿತು. 1920ರ ದಶಕದಲ್ಲಿ ರಾಜ್ಯದ ಬ್ಯಾಂಕಿಂಗ್ ಅಧಿಕಾರಿಗಳು ಹೊಸ ಶಾಖೆಗಳಿಗೆ ಅನುಮತಿಯನ್ನು ಬಿಗಿಗೊಳಿಸಿದರು. ಹೀಗಾಗಿ 1926ರ ರಾಜ್ಯಪಾಲರ ಚುನಾವಣೆಯಲ್ಲಿ ಜಿಯಾನಿನಿಯವರ ಬೆಂಬಲಿಗರು ಸಿ. ಸಿ. ಯಂಗ್ ಅವರ ಪರವಾಗಿ ಕೆಲಸ ಮಾಡಿದರು, ಯಂಗ್ ಗೆದ್ದರು. 1927ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮ್ಯಾಕ್‌ಫ್ಯಾಡನ್ ಕಾಯಿದೆಯ ಪ್ರಕಾರ, ರಾಷ್ಟ್ರೀಯ ಬ್ಯಾಂಕಾಗಿ ಪರಿವರ್ತನೆ ಹೊಂದುವ ಸಂಸ್ಥೆಯು ಆವರೆಗಿನ ತನ್ನ ಶಾಖೆಗಳನ್ನು ಉಳಿಸಿಕೊಳ್ಳಬಹುದಾಗಿತ್ತು. ಅದಕ್ಕೆ ಮುನ್ನವೇ ತಮ್ಮ ಬ್ಯಾಂಕುಗಳನ್ನು ಒಗ್ಗೂಡಿಸಿಕೊಂಡಿದ್ದ ಜಿಯಾನಿನಿಯವರು ಬ್ಯಾಂಕ್ ಆಫ್ ಇಟಲಿಯನ್ನು ರಾಷ್ಟ್ರೀಯ ಬ್ಯಾಂಕಾಗಿ ಪರಿವರ್ತಿಸಿದರು.

ನ್ಯೂಯಾರ್ಕ್ ಪ್ರವೇಶ ಮತ್ತು ಟ್ರಾನ್ಸ್‌ಅಮೆರಿಕ

ದೇಶವ್ಯಾಪಿ ಬ್ಯಾಂಕನ್ನು ಕಟ್ಟುವ ಗುರಿಯಿಂದ ಜಿಯಾನಿನಿಯವರು 1928ರಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿದ್ದ, 1812ರಷ್ಟು ಹಳೆಯದಾದ ಬ್ಯಾಂಕ್ ಆಫ್ ಅಮೆರಿಕದ ನಿಯಂತ್ರಣವನ್ನು ಪಡೆದರು. ಅದೇ ವರ್ಷದ ಜೂನ್ ತಿಂಗಳಲ್ಲಿ, ಅವರು ಇಟಲಿಯಲ್ಲಿ ಅಸ್ವಸ್ಥರಾಗಿದ್ದಾಗ, ಬ್ಯಾಂಕಿಟಲಿ ಷೇರುಗಳ ಬೆಲೆ ಏಕಾಏಕಿ ಕುಸಿಯಿತು. ಸಾಲ ಮಾಡಿ ಷೇರು ಕೊಂಡಿದ್ದ ಅನೇಕರು ನಷ್ಟಕ್ಕೊಳಗಾದರು. ಆ ಬಳಿಕ ಎಲ್ಲ ಕಂಪನಿಗಳನ್ನು ಒಂದೇ ಛತ್ರದಡಿ ತರಲು ಡೆಲಾವೇರ್ ರಾಜ್ಯದಲ್ಲಿ ಟ್ರಾನ್ಸ್‌ಅಮೆರಿಕ ಕಾರ್ಪೊರೇಷನ್ ಎಂಬ ಹಿಡುವಳಿ ಕಂಪನಿಯನ್ನು ನೋಂದಾಯಿಸಲಾಯಿತು.

ವಾಲ್ ಸ್ಟ್ರೀಟಿನಲ್ಲಿ ಅನುಭವವುಳ್ಳವರ ನೆರವು ಬೇಕೆಂದು 1929ರಲ್ಲಿ ಬ್ಲೇರ್ ಆ್ಯಂಡ್ ಕಂಪನಿ ಎಂಬ ಹೂಡಿಕೆ ಸಂಸ್ಥೆಯನ್ನು ಸೇರಿಸಿಕೊಳ್ಳಲಾಯಿತು. 1930ರಲ್ಲಿ ಜಿಯಾನಿನಿಯವರು ನಿತ್ಯದ ಆಡಳಿತದಿಂದ ಹಿಂದೆ ಸರಿದು, ಬ್ಲೇರ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಲಿಶಾ ವಾಕರ್ ಅವರಿಗೆ ಟ್ರಾನ್ಸ್‌ಅಮೆರಿಕದ ಚುಕ್ಕಾಣಿಯನ್ನು ಒಪ್ಪಿಸಿದರು. ಮಗ ಲಾರೆನ್ಸ್ ಮಾರಿಯೊ ಜಿಯಾನಿನಿ ಅಧ್ಯಕ್ಷರಾದರು. ಮುಂದೆ ಐರೋಪ್ಯ ಒಕ್ಕೂಟದ ಶಿಲ್ಪಿಗಳಲ್ಲೊಬ್ಬರೆನಿಸಿದ ಫ್ರಾನ್ಸಿನ ಜಾನ್ ಮೊನೆ ಕೂಡ ಈ ಅವಧಿಯಲ್ಲಿ ಟ್ರಾನ್ಸ್‌ಅಮೆರಿಕದ ಆಡಳಿತದಲ್ಲಿದ್ದರು. 1930ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಬ್ಯಾಂಕುಗಳು ವಿಲೀನಗೊಂಡು ಬ್ಯಾಂಕ್ ಆಫ್ ಅಮೆರಿಕ ಎಂಬ ಹೆಸರನ್ನು ಪಡೆದವು.

ನಿಯಂತ್ರಣಕ್ಕಾಗಿ ಹೋರಾಟ (1931–32)

ಮಹಾ ಆರ್ಥಿಕ ಕುಸಿತವು ತೀವ್ರಗೊಂಡಂತೆ ಟ್ರಾನ್ಸ್‌ಅಮೆರಿಕ ಷೇರುಗಳ ಬೆಲೆ ಇಳಿಯುತ್ತಾ ಹೋಯಿತು. ವಾಕರ್ ಅವರು ಲಾಭಾಂಶವನ್ನು ತಡೆದು, ಆಸ್ತಿಗಳ ಮೌಲ್ಯವನ್ನು ಪುಸ್ತಕದಲ್ಲಿ ಇಳಿಸಿ, ಕಂಪನಿಯ ಹಿಡಿತದಲ್ಲಿದ್ದ ಬ್ಯಾಂಕುಗಳನ್ನು ಮಾರಿಬಿಡುವ ಯೋಜನೆಯನ್ನು ಮುಂದಿಟ್ಟರು. ನ್ಯೂಯಾರ್ಕಿನ ಬ್ಯಾಂಕ್ ಆಫ್ ಅಮೆರಿಕವನ್ನು ನ್ಯಾಷನಲ್ ಸಿಟಿ ಬ್ಯಾಂಕಿಗೆ ಬಿಟ್ಟುಕೊಡಲಾಯಿತು. ಸಂಸ್ಥೆಯನ್ನು ಉಳಿಸಲು ಇದೊಂದೇ ದಾರಿಯೆಂದು ವಾಕರ್ ಭಾವಿಸಿದ್ದರು. ಕುಸಿದ ಬೆಲೆಯಲ್ಲಿ ಮಾರಿದರೆ ಸಣ್ಣ ಷೇರುದಾರರು ಎಲ್ಲವನ್ನೂ ಕಳೆದುಕೊಳ್ಳುವರು, ಲಾಭವೆಲ್ಲ ಕೊಳ್ಳುವವರ ಪಾಲಾಗುವುದು ಎಂಬುದು ಜಿಯಾನಿನಿಯವರ ವಾದವಾಗಿತ್ತು. ಮಾರಿಯೊ ರಾಜೀನಾಮೆ ನೀಡಿದರು. ತಂದೆಯೂ ನಿರ್ದೇಶಕ ಸ್ಥಾನವನ್ನು ತೊರೆದರು.

ಚಿಕಿತ್ಸೆಗಾಗಿ ಯೂರೋಪಿನಲ್ಲಿದ್ದ ಜಿಯಾನಿನಿಯವರು 1931ರಲ್ಲಿ ಕೆನಡಾ ಮಾರ್ಗವಾಗಿ ಸದ್ದಿಲ್ಲದೆ ಹಿಂದಿರುಗಿದರು. ಆಡಳಿತ ಮಂಡಳಿಯಲ್ಲಿ ಅವರಿಗೆ ಬಲವಿರಲಿಲ್ಲ. ಆದರೆ ಕಂಪನಿಯ ಷೇರುಗಳು ಸುಮಾರು 2 ಲಕ್ಷ ಜನರಲ್ಲಿ ಹಂಚಿಹೋಗಿದ್ದವು ಹಾಗೂ ಅವರಲ್ಲಿ ಬಹುಮಂದಿ ಕ್ಯಾಲಿಫೋರ್ನಿಯಾದ ರೈತರು, ಅಂಗಡಿಕಾರರು, ಕಾರ್ಮಿಕರೇ ಆಗಿದ್ದರು. ಬೆಂಬಲಿಗರು ಅಸೋಸಿಯೇಟೆಡ್ ಟ್ರಾನ್ಸ್‌ಅಮೆರಿಕ ಸ್ಟಾಕ್‌ಹೋಲ್ಡರ್ಸ್ ಎಂಬ ಸಂಘವನ್ನು ಕಟ್ಟಿದರು. ಅರವತ್ತು ದಾಟಿದ್ದ ಜಿಯಾನಿನಿಯವರು ಊರಿಂದೂರಿಗೆ ಸಂಚರಿಸಿ, ಸಭಾಂಗಣಗಳಲ್ಲಿ ಷೇರುದಾರರನ್ನು ಉದ್ದೇಶಿಸಿ ಮಾತನಾಡಿ, ಪ್ರತಿನಿಧಿ ಮತಪತ್ರಗಳಿಗೆ ಸಹಿ ಸಂಗ್ರಹಿಸಿದರು. ವಾಕರ್ ಪಕ್ಷವೂ ಅದೇ ಷೇರುದಾರರ ಸಹಿಗಾಗಿ ಪ್ರಯತ್ನಿಸಿತು. ಬ್ಯಾಂಕಿನ ನೌಕರರು ಒಂದೆಡೆ ತಮ್ಮ ಮೇಲಧಿಕಾರಿಗಳ ಆದೇಶಕ್ಕೂ ಮತ್ತೊಂದೆಡೆ ಸ್ಥಾಪಕರ ಮೇಲಿನ ಅಭಿಮಾನಕ್ಕೂ ಸಿಲುಕಿದರು. ಈ ಬಹಿರಂಗ ಕಲಹದಿಂದ ಠೇವಣಿದಾರರು ಗಾಬರಿಗೊಂಡು ಹಣ ಹಿಂತೆಗೆದುಕೊಳ್ಳತೊಡಗಿದ್ದರಿಂದ, ಯಾರು ಗೆದ್ದರೂ ಬ್ಯಾಂಕು ಉಳಿಯುವುದೇ ಎಂಬ ಪ್ರಶ್ನೆ ಎದ್ದಿತ್ತು.

1932ರ ಫೆಬ್ರವರಿ 15ರಂದು ಡೆಲಾವೇರ್‌ನ ವಿಲ್ಮಿಂಗ್ಟನ್‌ನಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಜಿಯಾನಿನಿಯವರ ಪಕ್ಷ ಸ್ಪಷ್ಟ ಬಹುಮತದಿಂದ ಗೆದ್ದಿತು. ವಾಕರ್ ನಿರ್ಗಮಿಸಿದರು. ವರ್ಷಗಳ ಹಿಂದೆ ಊರೂರಿನಲ್ಲಿ ಷೇರುಗಳನ್ನು ಹಂಚಿದ ಕ್ರಮವೇ ಈ ಗೆಲುವಿಗೆ ಮುಖ್ಯ ಕಾರಣವಾಯಿತು. ವರ್ಷಕ್ಕೆ ಒಂದು ಡಾಲರ್ ಸಂಬಳಕ್ಕೆ ಜಿಯಾನಿನಿಯವರು ಮತ್ತೆ ಅಧಿಕಾರ ವಹಿಸಿಕೊಂಡು, ಠೇವಣಿಗಳನ್ನು ಮರಳಿ ತರುವ ಅಭಿಯಾನವನ್ನು ಕೈಗೊಂಡರು.

1933ರ ಮಾರ್ಚ್‌ನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ದೇಶದ ಎಲ್ಲ ಬ್ಯಾಂಕುಗಳನ್ನು ತಾತ್ಕಾಲಿಕವಾಗಿ ಮುಚ್ಚಿದರು. ಸುಭದ್ರವಾದವುಗಳಿಗೆ ಮಾತ್ರ ಮರುತೆರೆಯುವ ಅನುಮತಿಯಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಫೆಡರಲ್ ರಿಸರ್ವ್ ಬ್ಯಾಂಕಿನ ಮುಖ್ಯಸ್ಥರು ಬ್ಯಾಂಕ್ ಆಫ್ ಅಮೆರಿಕದ ಸ್ಥಿತಿಯ ಬಗ್ಗೆ ಸಂದೇಹ ವ್ಯಕ್ತಪಡಿಸಿದರು. 400ಕ್ಕೂ ಹೆಚ್ಚು ಶಾಖೆಗಳಿದ್ದ ಬ್ಯಾಂಕು ಮುಚ್ಚಿದರೆ ಇಡೀ ರಾಜ್ಯದ ವ್ಯವಹಾರವೇ ನಿಲ್ಲುವ ಸಂಭವವಿತ್ತು. ಕೊನೆಗೆ ಖಜಾನೆ ಕಾರ್ಯದರ್ಶಿ ವಿಲಿಯಂ ವುಡಿನ್ ಅನುಮತಿ ನೀಡಿದರು.

ಸಾಲ ನೀತಿ

ಗೋಲ್ಡನ್ ಗೇಟ್ ಸೇತುವೆಯ ನಿರ್ಮಾಣಕ್ಕೆ ಹಣ ಒದಗದೆ ಕೆಲಸ ನಿಂತಿದ್ದಾಗ ಬ್ಯಾಂಕ್ ಆಫ್ ಅಮೆರಿಕವು 1932ರಲ್ಲಿ ಅದರ ಬಾಂಡುಗಳನ್ನು ಕೊಳ್ಳಲು ಮುಂದೆ ಬಂತು. ಇತರ ಬ್ಯಾಂಕುಗಳು ಹಿಂಜರಿಯುತ್ತಿದ್ದ ಕಾಲದಲ್ಲಿಯೇ ಚಲನಚಿತ್ರೋದ್ಯಮಕ್ಕೆ ಸಾಲ ನೀಡಿತು. ಈ ವಿಭಾಗವನ್ನು ಜಿಯಾನಿನಿಯವರ ಸಹೋದರ ಅತ್ತಿಲಿಯೊ ನೋಡಿಕೊಳ್ಳುತ್ತಿದ್ದರು. ವಾಲ್ಟ್ ಡಿಸ್ನಿಯವರ 1937ರ ಸ್ನೋ ವೈಟ್ ಚಿತ್ರವು ಈ ಬ್ಯಾಂಕಿನ ಸಾಲದಿಂದ ಪೂರ್ಣಗೊಂಡಿತು. ಮೋಟಾರು ವಾಹನ, ಗೃಹೋಪಯೋಗಿ ವಸ್ತು ಹಾಗೂ ಮನೆಗಳಿಗೆ ಕಂತಿನ ಸಾಲ ನೀಡುವುದರಲ್ಲಿಯೂ ಬ್ಯಾಂಕು ಮುಂಚೂಣಿಯಲ್ಲಿತ್ತು.

ಸರ್ಕಾರದೊಂದಿಗೆ ಸಂಘರ್ಷ

ಟ್ರಾನ್ಸ್‌ಅಮೆರಿಕವು 1930 ಮತ್ತು 40ರ ದಶಕಗಳಲ್ಲಿ ನೆರೆಯ ರಾಜ್ಯಗಳಲ್ಲಿಯೂ ಬ್ಯಾಂಕುಗಳನ್ನು ಖರೀದಿಸಿತು. ಒಂದೇ ಕಂಪನಿಯಲ್ಲಿ ಇಷ್ಟೊಂದು ಹಣಕಾಸಿನ ಶಕ್ತಿ ಸೇರುವುದು ಅಪಾಯಕಾರಿ ಎಂಬ ಅಭಿಪ್ರಾಯ ವಾಷಿಂಗ್ಟನ್‌ನಲ್ಲಿ ಬಲವಾಯಿತು. ಖಜಾನೆ ಕಾರ್ಯದರ್ಶಿ ಹೆನ್ರಿ ಮಾರ್ಗೆಂಥೌ ಮತ್ತು ಫೆಡರಲ್ ರಿಸರ್ವ್‌ನ ಮ್ಯಾರಿನರ್ ಎಕ್ಲ್ಸ್ ಅವರೊಂದಿಗೆ ಜಿಯಾನಿನಿಯವರ ವಿರಸ ದೀರ್ಘಕಾಲ ನಡೆಯಿತು. ಐದು ಪಶ್ಚಿಮ ರಾಜ್ಯಗಳಲ್ಲಿ ಪೈಪೋಟಿಯನ್ನು ಕುಗ್ಗಿಸುವ ರೀತಿಯಲ್ಲಿ ಬ್ಯಾಂಕುಗಳನ್ನು ಕೊಳ್ಳಲಾಗಿದೆಯೆಂದು ಫೆಡರಲ್ ರಿಸರ್ವ್ ಮಂಡಳಿಯು 1948ರಲ್ಲಿ ಕ್ಲೇಟನ್ ಕಾಯಿದೆಯಡಿ ದೂರು ಹೂಡಿತು. 1952ರಲ್ಲಿ ಮಂಡಳಿಯು ಕಂಪನಿಯ ವಿರುದ್ಧ ಆದೇಶ ನೀಡಿತು. ಆದರೆ ಬ್ಯಾಂಕಿಂಗ್ ಪೈಪೋಟಿಯನ್ನು ಸ್ಥಳೀಯ ಮಾರುಕಟ್ಟೆಯ ಮಟ್ಟದಲ್ಲಿ ಅಳೆಯಬೇಕಾಗಿತ್ತೆಂಬ ಕಾರಣದಿಂದ ಮೇಲ್ಮನವಿ ನ್ಯಾಯಾಲಯವು 1953ರಲ್ಲಿ ಅದನ್ನು ರದ್ದುಗೊಳಿಸಿತು. ಇದರ ಬಳಿಕ ಬಂದ 1956ರ ಬ್ಯಾಂಕ್ ಹಿಡುವಳಿ ಕಂಪನಿ ಕಾಯಿದೆಯು, ಬ್ಯಾಂಕುಗಳನ್ನೂ ಇತರ ಉದ್ಯಮಗಳನ್ನೂ ಒಟ್ಟಿಗೆ ಹೊಂದುವುದನ್ನು ನಿರ್ಬಂಧಿಸಿತು.

ವೈಯಕ್ತಿಕ ಜೀವನ ಮತ್ತು ನಿಧನ

ಕೈಗೆಟುಕಬಹುದಾಗಿದ್ದ ದೊಡ್ಡ ಸಂಪತ್ತನ್ನು ಜಿಯಾನಿನಿಯವರು ಕೂಡಿಡಲಿಲ್ಲ. ತಮಗೆ ಸಲ್ಲಬೇಕಿದ್ದ 15 ಲಕ್ಷ ಡಾಲರ್ ಮೊತ್ತವನ್ನು 1928ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನೀಡಿದರು. ಅಲ್ಲಿನ ಕೃಷಿ ಅರ್ಥಶಾಸ್ತ್ರದ ಜಿಯಾನಿನಿ ಪ್ರತಿಷ್ಠಾನವು ಈ ಕೊಡುಗೆಯ ಫಲ. 1941ರಲ್ಲಿ ಪತ್ನಿ ಕ್ಲೊರಿಂಡಾ ನಿಧನರಾದರು. 1949ರ ಜೂನ್ 3ರಂದು, ದೂರಿನ ವಿಚಾರಣೆ ಮುಗಿಯುವ ಮೊದಲೇ, ಜಿಯಾನಿನಿಯವರು ಸ್ಯಾನ್ ಮಟೇಯೊದ ಮನೆಯಲ್ಲಿ ತಮ್ಮ 79ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಬಿಟ್ಟುಹೋದ ಆಸ್ತಿ 5 ಲಕ್ಷ ಡಾಲರಿಗಿಂತ ಕಡಿಮೆಯಿತ್ತು. 1936ರಿಂದ ಬ್ಯಾಂಕಿನ ಅಧ್ಯಕ್ಷರಾಗಿದ್ದ ಮಾರಿಯೊ 1952ರಲ್ಲಿ ತೀರಿಕೊಂಡರು. ಮಗಳು ಕ್ಲೇರ್ ತಂದೆಯ ತರುವಾಯ ನಿರ್ದೇಶಕ ಮಂಡಳಿಯನ್ನು ಸೇರಿದರು.

ನಂತರದ ಬೆಳವಣಿಗೆಗಳು

1956ರ ಕಾಯಿದೆಯ ಪರಿಣಾಮವಾಗಿ ಟ್ರಾನ್ಸ್‌ಅಮೆರಿಕವು ತನ್ನಲ್ಲಿ ಉಳಿದಿದ್ದ ಬ್ಯಾಂಕುಗಳನ್ನು ಪ್ರತ್ಯೇಕ ಕಂಪನಿಯನ್ನಾಗಿ ಬೇರ್ಪಡಿಸಿತು. ಅದು ಮುಂದೆ ಫಸ್ಟ್ ಇಂಟರ್‌ಸ್ಟೇಟ್ ಎಂಬ ಹೆಸರನ್ನು ಪಡೆಯಿತು. ಹೀಗೆ ಜಿಯಾನಿನಿಯವರು ಕಟ್ಟಿದ ಸಾಮ್ರಾಜ್ಯದಿಂದ ಎರಡು ಪ್ರತ್ಯೇಕ ಬ್ಯಾಂಕಿಂಗ್ ಸಂಸ್ಥೆಗಳು ಹುಟ್ಟಿದವು. 1986ರಲ್ಲಿ ಬ್ಯಾಂಕ್ ಆಫ್ ಅಮೆರಿಕ ನಷ್ಟದಲ್ಲಿದ್ದಾಗ, ಗಾತ್ರದಲ್ಲಿ ಅದಕ್ಕಿಂತ ಚಿಕ್ಕದಾದ ಫಸ್ಟ್ ಇಂಟರ್‌ಸ್ಟೇಟ್ ಅದನ್ನು ಕೊಳ್ಳಲು ಮುಂದಾಯಿತು. ಆಡಳಿತ ಮಂಡಳಿಯು ಹಿಂದಿನ ಮುಖ್ಯಸ್ಥ ಎ. ಡಬ್ಲ್ಯು. ಕ್ಲಾಸೆನ್ ಅವರನ್ನು ಮರಳಿ ಕರೆತಂದು, ಕೆಲವು ಆಸ್ತಿಗಳನ್ನು ಮಾರಿ ಬಂಡವಾಳ ಹೊಂದಿಸಿಕೊಂಡು ಈ ಪ್ರಸ್ತಾವವನ್ನು ತಿರಸ್ಕರಿಸಿತು. ಜಿಯಾನಿನಿಯವರ ಕಾಲದಲ್ಲಿ ಗಳಿಸಿದ ಇಟಲಿಯ ಅಂಗಸಂಸ್ಥೆಯನ್ನೂ ಆಗ ಡಾಯ್ಚ ಬ್ಯಾಂಕಿಗೆ ಮಾರಲಾಯಿತು. 1987ರಲ್ಲಿ ಫಸ್ಟ್ ಇಂಟರ್‌ಸ್ಟೇಟ್ ತನ್ನ ಪ್ರಸ್ತಾವವನ್ನು ಹಿಂತೆಗೆದುಕೊಂಡಿತು.

1995ರ ಅಕ್ಟೋಬರ್‌ನಲ್ಲಿ ಫಸ್ಟ್ ಇಂಟರ್‌ಸ್ಟೇಟ್ ತಾನೇ ಅಂಥ ಸ್ಥಿತಿಗೆ ಸಿಲುಕಿತು. ವೆಲ್ಸ್ ಫಾರ್ಗೊ ಅದರ ಆಡಳಿತದ ಇಚ್ಛೆಗೆ ವಿರುದ್ಧವಾಗಿ ಖರೀದಿಯ ಪ್ರಸ್ತಾವ ಮುಂದಿಟ್ಟಾಗ, ಫಸ್ಟ್ ಇಂಟರ್‌ಸ್ಟೇಟ್ ಮಿನಿಯಾಪೊಲಿಸ್‌ನ ಫಸ್ಟ್ ಬ್ಯಾಂಕ್ ಸಿಸ್ಟಮ್‌ನೊಂದಿಗೆ ವಿಲೀನಕ್ಕೆ ಒಪ್ಪಿಕೊಂಡಿತು. ಫಸ್ಟ್ ಬ್ಯಾಂಕ್ ಆರಿಸಿಕೊಂಡಿದ್ದ ಲೆಕ್ಕಪತ್ರ ವಿಧಾನವನ್ನು ಅನುಸರಿಸಬೇಕಾದರೆ, ವಿಲೀನದ ನಂತರ ಎರಡು ವರ್ಷ ತನ್ನ ಷೇರುಗಳನ್ನು ತಾನೇ ಮರಳಿ ಕೊಳ್ಳುವಂತಿಲ್ಲವೆಂದು ಷೇರುಪೇಟೆ ನಿಯಂತ್ರಣ ಆಯೋಗವು 1996ರ ಜನವರಿಯಲ್ಲಿ ತಿಳಿಸಿತು. ಇದರಿಂದ ಅದರ ಪ್ರಸ್ತಾವ ದುರ್ಬಲಗೊಂಡು, 1996ರ ಏಪ್ರಿಲ್‌ನಲ್ಲಿ ಫಸ್ಟ್ ಇಂಟರ್‌ಸ್ಟೇಟ್ 1,100 ಕೋಟಿ ಡಾಲರಿಗೂ ಹೆಚ್ಚು ಮೌಲ್ಯಕ್ಕೆ ವೆಲ್ಸ್ ಫಾರ್ಗೊ ಪಾಲಾಯಿತು. 1998ರಲ್ಲಿ ನೇಷನ್ಸ್‌ಬ್ಯಾಂಕ್, ಬ್ಯಾಂಕ್ ಆಫ್ ಅಮೆರಿಕದ ಮಾತೃಸಂಸ್ಥೆಯನ್ನು ಸೇರಿಸಿಕೊಂಡು ಅದರ ಹೆಸರನ್ನೇ ಉಳಿಸಿಕೊಂಡಿತು. ಮುಖ್ಯ ಕಚೇರಿ ಉತ್ತರ ಕೆರೊಲಿನಾದ ಶಾರ್ಲಟ್ ನಗರಕ್ಕೆ ಹೋಯಿತು. ಕರಾವಳಿಯಿಂದ ಕರಾವಳಿಯವರೆಗೆ ಹಬ್ಬಿದ ಬ್ಯಾಂಕು ಎಂಬ ಜಿಯಾನಿನಿಯವರ ಗುರಿ ಹೀಗೆ ಅವರು ತೀರಿಕೊಂಡ ಸುಮಾರು ಅರ್ಧ ಶತಮಾನದ ನಂತರ, ಬೇರೆಯವರ ಕೈಯಲ್ಲಿ, ಬಹುಮಟ್ಟಿಗೆ ಈಡೇರಿತು.

ಟೀಕೆ ಮತ್ತು ಗೌರವ

ಸ್ಥಳೀಯ ಬ್ಯಾಂಕುಗಳ ಸ್ವಾತಂತ್ರ್ಯವನ್ನು ಕಸಿದುಕೊಂಡರೆಂಬುದೂ, ಶಾಖೆಗಳ ಅನುಮತಿಗಾಗಿ ರಾಜಕೀಯದಲ್ಲಿ ತೊಡಗಿದರೆಂಬುದೂ ಜಿಯಾನಿನಿಯವರ ಮೇಲಿನ ಮುಖ್ಯ ಟೀಕೆಗಳು. ರೈತರ ಬ್ಯಾಂಕೆಂದು ಹೆಸರಾದ ಸಂಸ್ಥೆಯು ಆರ್ಥಿಕ ಕುಸಿತದ ವರ್ಷಗಳಲ್ಲಿ ಸಾಲ ತೀರಿಸಲಾಗದ ರೈತರ ಜಮೀನುಗಳನ್ನು ವಶಪಡಿಸಿಕೊಂಡು, ಅವುಗಳ ನಿರ್ವಹಣೆಗೆಂದೇ ಕ್ಯಾಲಿಫೋರ್ನಿಯಾ ಲ್ಯಾಂಡ್ಸ್ ಎಂಬ ಕಂಪನಿಯನ್ನು ನಡೆಸಿದ್ದೂ ಟೀಕೆಗೆ ಗುರಿಯಾಗಿದೆ. ಇನ್ನೊಂದೆಡೆ, ಸಾಮಾನ್ಯ ಜನರ ಉಳಿತಾಯ ಮತ್ತು ಸಾಲದ ಅಗತ್ಯಗಳನ್ನು ಬ್ಯಾಂಕಿಂಗ್ ಕ್ಷೇತ್ರದ ಮುಖ್ಯ ವ್ಯವಹಾರವನ್ನಾಗಿ ಮಾಡಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. ಅಮೆರಿಕದ ಅಂಚೆ ಇಲಾಖೆಯು 1973ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಬಿಡುಗಡೆ ಮಾಡಿತು. ಟೈಮ್ ಪತ್ರಿಕೆಯು ಸಿದ್ಧಪಡಿಸಿದ 20ನೆಯ ಶತಮಾನದ ನೂರು ಪ್ರಮುಖರ ಪಟ್ಟಿಯಲ್ಲಿಯೂ ಅವರ ಹೆಸರಿದೆ.